ಮೊಣಕಾಲಿನ ಸ್ನಾಯುರಜ್ಜು ಶಸ್ತ್ರಚಿಕಿತ್ಸೆಯ ಅನಂತರದ ಚೇತರಿಕೆ

ಪುಣೆಯ ನೆರೆಯ ಪಿಂಪ್ರಿ-ಚಿಂಚವಾಡವು ದೇಶದ ಪ್ರಮುಖ ಕೈಗಾರಿಕಾ ನಗರಗಳಲ್ಲೊಂದು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪನೆಗೊಂಡಿತು. ಮುಂದಿನ ದಶಕಗಳಲ್ಲಿ ಇಲ್ಲಿ ವಾಹನ ಹಾಗೂ ಯಂತ್ರೋಪಕರಣಗಳ ಕಾರ್ಖಾನೆಗಳು ಬೆಳೆದವು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಅನೇಕ ಕುಟುಂಬಗಳು ಇಲ್ಲಿ ನೆಲೆಸಿವೆ. ಭಾರ ಎತ್ತುವ, ಏಣಿ ಹತ್ತುವ, ದಿನವಿಡೀ ನಿಂತು ದುಡಿಯುವ ಕಾರ್ಮಿಕನಿಗೆ ಮೊಣಕಾಲಿನ ಗಾಯವೆಂದರೆ ಜೀವನೋಪಾಯಕ್ಕೇ ಬಂದ ಅಡ್ಡಿ.

ಗಾಯದ ಸ್ವರೂಪ

ಸ್ನಾಯುವನ್ನು ಮೂಳೆಗೆ ಬಂಧಿಸುವ ಗಟ್ಟಿಯಾದ ಪಟ್ಟಿಯೇ ಸ್ನಾಯುರಜ್ಜು. ತೊಡೆಯ ಮುಂಭಾಗದ ಸ್ನಾಯುವನ್ನು ಮಂಡಿಚಿಪ್ಪಿಗೆ ಒಂದು ರಜ್ಜು ಜೋಡಿಸಿದರೆ, ಮಂಡಿಚಿಪ್ಪನ್ನು ಮೊಣಕಾಲಿನ ಕೆಳಗಿನ ಮೂಳೆಗೆ ಮತ್ತೊಂದು ಜೋಡಿಸುತ್ತದೆ. ಮಡಚಿದ ಕಾಲಿನ ಮೇಲೆ ಹಠಾತ್ತನೆ ಭಾರ ಬಿದ್ದಾಗ ಇವುಗಳಲ್ಲೊಂದು ಹರಿಯಬಹುದು. ಆಗ ಮಲಗಿದ್ದಲ್ಲಿ ಕಾಲನ್ನು ನೇರವಾಗಿ ಎತ್ತಲು ಸಾಧ್ಯವಾಗುವುದಿಲ್ಲ. ಸಂಪೂರ್ಣವಾಗಿ ಹರಿದ ರಜ್ಜನ್ನು ಸಾಮಾನ್ಯವಾಗಿ ಎರಡು ಮೂರು ವಾರಗಳೊಳಗೆ ಹೊಲಿದು ಮೂಳೆಗೆ ಜೋಡಿಸುವುದು ಉತ್ತಮ. ತಡವಾದಂತೆ ಸ್ನಾಯು ಮೇಲಕ್ಕೆ ಸೆಳೆದುಕೊಂಡು ಜೋಡಣೆ ಕಷ್ಟವಾಗುತ್ತದೆ.

ಮೊದಲ ಎರಡು ವಾರಗಳು

ನೋವು, ಊತ ಮತ್ತು ಗಾಯದ ಸುತ್ತ ಕಂದಿದ ಬಣ್ಣ ಈ ಅವಧಿಯಲ್ಲಿ ಸಹಜ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಮ್ಮೆಗೆ 15-20 ನಿಮಿಷ ಇಟ್ಟರೆ ಊತ ತಗ್ಗುತ್ತದೆ. ಕಾಲು ಮಡಚದಂತೆ ಬ್ರೇಸ್ ಎಂಬ ಆಸರೆಪಟ್ಟಿಯನ್ನು ಬಿಗಿಯಲಾಗುತ್ತದೆ. ಊರುಗೋಲು ಅಥವಾ ವಾಕರ್ ಹಿಡಿದು ನಡೆಯಬೇಕು. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸುತ್ತಾರೆ. ಹೊಲಿಗೆಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯಲಾಗುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ರಕ್ತಚಲನೆ ಸರಾಗವಾಗುತ್ತದೆ.

ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ನೋವು ಸಹಿತ ಊತ ಕಂಡುಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಎದೆನೋವು ಅಥವಾ ಉಸಿರಾಟದ ತೊಂದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸೇರಿದುದರ ಸೂಚನೆಯಾಗಿರಬಹುದು. ಕೂಡಲೇ ತುರ್ತು ಚಿಕಿತ್ಸೆ ಅಗತ್ಯ.

ಎರಡನೆಯ ವಾರದಿಂದ ಮೂರನೆಯ ತಿಂಗಳವರೆಗೆ

ಭೌತಚಿಕಿತ್ಸಕರ ಮಾರ್ಗದರ್ಶನದಲ್ಲಿ ಮೊಣಕಾಲನ್ನು ಹಂತಹಂತವಾಗಿ ಮಡಚಲಾಗುತ್ತದೆ. ಸುಮಾರು ಆರು ವಾರಗಳ ವೇಳೆಗೆ 90 ಡಿಗ್ರಿಯಷ್ಟು ಮಡಚುವುದು ಹಲವರ ಗುರಿಯಾಗಿರುತ್ತದೆ. ತೊಡೆಯ ಸ್ನಾಯು ಈ ವೇಳೆಗೆ ಕೃಶವಾಗಿ ಕಾಣುವುದು ಅನಿರೀಕ್ಷಿತವಲ್ಲ. ವ್ಯಾಯಾಮದಿಂದ ಅದು ಮರಳಿ ತುಂಬಿಕೊಳ್ಳುತ್ತದೆ. ಸ್ನಾಯುವಿನ ಹಿಡಿತ ಬಂದ ಮೇಲೆ ಆಸರೆಪಟ್ಟಿಯನ್ನು ಕ್ರಮೇಣ ಬಿಡಲಾಗುತ್ತದೆ. ಮೆಟ್ಟಿಲು ಹತ್ತುವಾಗ ಆರೋಗ್ಯವಂತ ಕಾಲನ್ನೂ, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲನ್ನೂ ಮೊದಲು ಇಡಬೇಕು.

ಈ ಅವಧಿಯಲ್ಲಿ ಎರಡು ತಪ್ಪುಗಳು ಸಾಮಾನ್ಯ. ನೋವಿಗೆ ಹೆದರಿ ಹೇಳಿದ ವ್ಯಾಯಾಮವನ್ನೂ ಮಾಡದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ನೋವು ಕಡಿಮೆಯಾಯಿತೆಂದು ಆತುರಪಟ್ಟರೆ ಜೋಡಿಸಿದ ರಜ್ಜು ಮತ್ತೆ ಹರಿಯುವ ಅಪಾಯವಿದೆ. ರಜ್ಜಿಗೆ ರಕ್ತಪೂರೈಕೆ ಕಡಿಮೆಯಾದ್ದರಿಂದ ನೋವು ಹೋದ ಎಷ್ಟೋ ದಿನಗಳ ಅನಂತರವೇ ಅದಕ್ಕೆ ಬಲ ಬರುತ್ತದೆ. ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಕಿಕ್ ಹೊಡೆದು ದ್ವಿಚಕ್ರ ವಾಹನ ಹೊರಡಿಸುವುದು ವೈದ್ಯರ ಅನುಮತಿಯಿಲ್ಲದೆ ಕೂಡದು. ನೆಲಮಟ್ಟದ ಶೌಚಾಲಯದ ಬದಲು ಕಮೋಡ್ ಅಥವಾ ನಡುವೆ ರಂಧ್ರವಿರುವ ಕುರ್ಚಿಯನ್ನು ಬಳಸಬೇಕು.

ಕೆಲಸಕ್ಕೆ ಮರಳುವುದು

ಕುಳಿತು ಮಾಡುವ ಕೆಲಸಕ್ಕೆ ಕೆಲವು ವಾರಗಳಲ್ಲಿ ಮರಳಬಹುದು. ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು, ಓಟ-ಆಟಗಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಮಧುಮೇಹವಿರುವವರು ಅದನ್ನು ಹತೋಟಿಯಲ್ಲಿಡಬೇಕು. ಧೂಮಪಾನವು ಗಾಯ ಮಾಯುವುದನ್ನು ತಡಮಾಡುತ್ತದೆ. ಬೇಳೆಕಾಳು, ಹಾಲು, ಮೊಟ್ಟೆಗಳಂತಹ ಸಸಾರಜನಕಯುಕ್ತ ಆಹಾರ ಹಿತಕರ.

ಸಂಬಳದ ಚಿಂತೆಯೇ ಹಲವರನ್ನು ಅವಧಿಗೆ ಮುನ್ನ ಕಾರ್ಖಾನೆಗೆ ಎಳೆಯುತ್ತದೆ. ಇ.ಎಸ್.ಐ. ಯೋಜನೆಯ ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಚಿಂಚವಾಡದ ಮೋಹನನಗರದಲ್ಲಿ ಆಸ್ಪತ್ರೆಯಿದೆ. ಪಿಂಪ್ರಿಯಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆಯಿದೆ. ಇ.ಎಸ್.ಐ. ಯೋಜನೆಯಂತೆ ಅರ್ಹರಿಗೆ ಅನಾರೋಗ್ಯ ಕಾಲದಲ್ಲಿ ಸರಾಸರಿ ವೇತನದ ಶೇಕಡಾ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಗಾಯವು ಕೆಲಸದ ಕಾರಣದಿಂದ ಆದುದಾದರೆ, ತಾತ್ಕಾಲಿಕ ಅಸಾಮರ್ಥ್ಯ ಇರುವವರೆಗೂ ಶೇಕಡಾ 90ರಷ್ಟು ದೊರೆಯುತ್ತದೆ. ಚೇತರಿಕೆಗೆ ಮೂರು ತಿಂಗಳಿಗಿಂತ ಹೆಚ್ಚು ಬೇಕಾಗುವ ಇಂತಹ ಗಾಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆದುದರಿಂದ ಕೆಲಸದ ವೇಳೆ ಬಿದ್ದವರು ಅದನ್ನು ಕೂಡಲೇ ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಸಬೇಕು. ವೈದ್ಯರ ಪ್ರಮಾಣಪತ್ರಗಳನ್ನು ಕಾಲಕಾಲಕ್ಕೆ ಪಡೆದು ಸಲ್ಲಿಸಬೇಕು. ಕೆಲಸಕ್ಕೆ ಮರಳುವಾಗ ಮೊದಮೊದಲು ಹಗುರವಾದ ಕೆಲಸ ಕೊಡುವಂತೆ ವೈದ್ಯರ ಶಿಫಾರಸಿನೊಂದಿಗೆ ಕೋರಬಹುದು.