ಚಿತ್ರವು ಮಸಕಾಗುವುದೇಕೆ?

ಕೈಫೋನಿನಲ್ಲಿ ಸೊಗಸಾಗಿ ಚಿತ್ರ ತೆಗೆಯುತ್ತಿದ್ದವರು ಆಸೆಯಿಂದ ಡಿಜಿಟಲ್ ಎಸ್.ಎಲ್.ಆರ್. ಕ್ಯಾಮರಾವನ್ನು ಕೊಂಡುತಂದು, ಮೊದಲ ವಾರದಲ್ಲಿಯೇ ಮುಖ ಸಪ್ಪಗೆ ಮಾಡಿಕೊಳ್ಳುವುದುಂಟು. ಬೆಲೆಯೇನೋ ಹೆಚ್ಚು, ಚಿತ್ರ ಮಾತ್ರ ಮಸಕು! ದೋಷವು ಯಂತ್ರದ್ದೆಂದು ತಿಳಿದು ಅಂಗಡಿಗೆ ಹಿಂದಿರುಗಿಸ ಹೊರಡುವವರೂ ಉಂಟು. ನಾನೂ ಒಮ್ಮೆ ಹಾಗೆ ಹೊರಟವನೇ.

ನಮ್ಮ ಅಜ್ಜಿಯು ಮರಿಮೊಮ್ಮಗನನ್ನು ಮೊದಲ ಸಲ ತೊಡೆಯ ಮೇಲೆ ಕೂರಿಸಿಕೊಂಡ ದಿನ, ನಡುಮನೆಯ ಮಂದ ಬೆಳಕಿನಲ್ಲಿ ಅವರಿಬ್ಬರ ಚಿತ್ರ ತೆಗೆದೆನು. ನೋಡಿದರೆ ಮಗುವಿನ ಕುಲಾವಿಯ ಕಸೂತಿ ಎಳೆಎಳೆಯಾಗಿ ಮೂಡಿತ್ತು. ಒಂದು ಗೇಣು ಹಿಂದಿದ್ದ ಅಜ್ಜಿಯ ಮುಖ ಮಂಜಿನೊಳಗಿನಂತೆ ಕಾಣುತ್ತಿತ್ತು. ಇದರ ಕಾರಣವನ್ನು ನಾನು ತಿಳಿದುಕೊಂಡದ್ದು ಆಮೇಲೆ.

ಕೈಫೋನಿನಲ್ಲಿ ಬಿಂಬ ಬೀಳುವ ಫಲಕವು ಬಹಳ ಚಿಕ್ಕದು; ಮಸೂರದ ನಾಭಿದೂರವೂ ಕೆಲವೇ ಮಿಲಿಮೀಟರು. ಆದುದರಿಂದ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಸಾಧಾರಣ ಎಸ್.ಎಲ್.ಆರ್.ನಲ್ಲಿ ಫಲಕದ ಅಳತೆ ಸುಮಾರು 24 ಮಿಲಿಮೀಟರು ಉದ್ದ, 16 ಅಗಲ. ಇಲ್ಲಿ ಸ್ಪಷ್ಟತೆಯ ಆಳ ಕಿರಿದು. 50 ಮಿಲಿಮೀಟರಿನ ಮಸೂರದ ದ್ವಾರವನ್ನು ಎಫ್/1.8ಕ್ಕೆ ತೆರೆದು ಒಂದೂವರೆ ಮೀಟರು ದೂರದಿಂದ ತೆಗೆದರೆ, ಸ್ಪಷ್ಟವಾಗುವ ಆಳ ಆರು ಸೆಂಟಿಮೀಟರಿನಷ್ಟು ಮಾತ್ರ. ಎಫ್/8ಕ್ಕೆ ಕಿರಿದು ಮಾಡಿದರೆ ಒಂದು ಗೇಣಿಗಿಂತ ಹೆಚ್ಚಾಗುತ್ತದೆ. ಚಿಕ್ಕ ಯಂತ್ರವು ನಮ್ಮ ತಪ್ಪುಗಳನ್ನು ಮನ್ನಿಸುತ್ತಿತ್ತು. ದೊಡ್ಡದು ನಾವು ಹೇಳಿದಷ್ಟನ್ನೇ ಮಾಡುತ್ತದೆ.

ಮಸಕಿನಲ್ಲಿ ಮುಖ್ಯವಾಗಿ ಮೂರು ಬಗೆ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ಅಲುಗಿದುದು ನಮ್ಮ ಕೈ. ನಾಭಿದೂರವನ್ನು ಒಂದೂವರೆಯಿಂದ ಗುಣಿಸಿ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಷಟರು ತೆರೆದಿರದಂತೆ ನೋಡಿಕೊಳ್ಳತಕ್ಕದ್ದು: 50 ಮಿಲಿಮೀಟರಿಗೆ 1/80, 200ಕ್ಕೆ 1/320 ಸೆಕೆಂಡು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎಡಗೈಯನ್ನು ಮಸೂರದ ಅಡಿಗಿಟ್ಟು, ಉಸಿರು ಬಿಟ್ಟು ಗುಂಡಿಯನ್ನು ಮೆಲ್ಲನೆ ಒತ್ತಬೇಕು. ಮುಕ್ಕಾಲಿಯ ಮೇಲಿಟ್ಟಾಗ ಎರಡು ಸೆಕೆಂಡಿನ ತಡೆಗುಂಡಿಯನ್ನು ಬಳಸಿದರೆ ಬೆರಳಿನ ಅದುರು ತಗಲದು.

ಗೋಡೆ ಸ್ಪಷ್ಟವಾಗಿದ್ದು ಮಗು ಮಾತ್ರ ಕದಡಿದ್ದರೆ, ಅಲುಗಿದುದು ಮಗು. ಓಡಾಡುವ ಮಕ್ಕಳಿಗೆ 1/500 ಸೆಕೆಂಡು ಬೇಕು. ಬೆಳಕು ಸಾಲದಿದ್ದರೆ ಐ.ಎಸ್.ಓ. ಸಂಖ್ಯೆಯನ್ನು 1600ಕ್ಕೋ 3200ಕ್ಕೋ ಏರಿಸಲು ಹೆದರಬಾರದು. ಚಿತ್ರದಲ್ಲಿ ತುಸು ಮರಳು ಕಂಡರೆ ಸಹಿಸಬಹುದು. ಕದಡಿದ ಮುಖವನ್ನು ಮತ್ತೆ ತರುವುದು ಕಷ್ಟ.

ಬೇಕಾದುದು ಮಸಕಾಗಿ, ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾಗಿದ್ದರೆ, ಫೋಕಸ್ ತಪ್ಪಿದೆ. ಯಂತ್ರಕ್ಕೆ ಬಿಟ್ಟರೆ ಅದು ಸಾಮಾನ್ಯವಾಗಿ ಸಮೀಪದ ವಸ್ತುವನ್ನೇ ಹಿಡಿಯುತ್ತದೆ. ಆದುದರಿಂದ ನಡುವಣ ಒಂದೇ ಬಿಂದುವನ್ನು ಆರಿಸಿ, ಅದನ್ನು ಕಣ್ಣಿನ ಮೇಲಿಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಬಳಿಕ ಪೂರ್ತಿ ಒತ್ತಬೇಕು. ಇಬ್ಬರು ಹಿಂದೆಮುಂದೆ ಕುಳಿತಿದ್ದರೆ ದ್ವಾರವನ್ನು ಎಫ್/5.6ಕ್ಕೋ 8ಕ್ಕೋ ಕಿರಿದಾಗಿಸಬೇಕು. ಹಾಗೆಂದು ಎಫ್/22ರವರೆಗೆ ಹೋಗಬಾರದು. ತೀರ ಸಣ್ಣ ಕಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡಿ, ಚಿತ್ರವು ಮತ್ತೆ ಮೆತ್ತಗಾಗುವುದು.

ನನ್ನಿಂದಾದ ತಪ್ಪು ಈ ಮೂರನೆಯದು. ಯಂತ್ರವು ಕುಲಾವಿಯನ್ನು ಹಿಡಿಯಿತು. ಅಜ್ಜಿಯನ್ನು ಹಿಡಿಯೆಂದು ನಾನು ಹೇಳಿರಲಿಲ್ಲ. ಕ್ಯಾಮರಾವನ್ನು ಹಿಂದಿರುಗಿಸಲಿಲ್ಲ, ಅಭ್ಯಾಸಕ್ಕೆ ತೊಡಗಿದೆನು. ಇನ್ನೊಮ್ಮೆ ಇಬ್ಬರನ್ನೂ ಕೂರಿಸೋಣವೆಂದುಕೊಳ್ಳುತ್ತಿರುವಾಗಲೇ, ಯುಗಾದಿಗೆ ಮೊದಲು ಅಜ್ಜಿ ತೀರಿಕೊಂಡರು. ಅವರಿಬ್ಬರೂ ಒಟ್ಟಿಗಿರುವ ಚಿತ್ರ ನಮ್ಮಲ್ಲಿ ಇರುವುದು ಅದೊಂದೇ.

ಹೊಸ ಕ್ಯಾಮರಾ ಕೊಂಡ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಮದುವೆ, ನಾಮಕರಣಗಳ ದಿನಕ್ಕಾಗಿ ಕಾಯಬೇಡಿರಿ. ಮನೆಯ ತುಳಸೀಕಟ್ಟೆ, ತಾಮ್ರದ ಚೆಂಬು, ಅಂಗಳದಲ್ಲಿ ಆಡುವ ಮಕ್ಕಳು, ಇವುಗಳ ಮೇಲೆ ಒಂದು ತಿಂಗಳು ಕೈ ಪಳಗಿಸಿಕೊಳ್ಳಿರಿ. ಆಮೇಲೆ ಮನೆಯ ಹಿರಿಯರನ್ನು ಕಿಟಕಿಯ ಬೆಳಕಿಗೆ ಕೂರಿಸಿರಿ. ತಡಮಾಡಬೇಡಿರಿ.