ಲಾಗವೂ ಧೈರ್ಯವೂ

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಬೆಳೆದವರಿಗೆ ಲಾಗವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಅಷ್ಟಮಿ, ಚೌತಿ, ನವರಾತ್ರಿಗಳಲ್ಲಿ ತಾಸೆಯ ಬಡಿತದೊಡನೆ ಬರುವ ಹುಲಿವೇಷದವರು ಕೈಯೂರಿ ನಿಂತು, ಉರುಳಿ, ಗಾಳಿಯಲ್ಲಿ ತಿರುಗಿ ನೆಲಕ್ಕಿಳಿಯುತ್ತಾರೆ. ತೆಂಕುತಿಟ್ಟಿನ ಯಕ್ಷಗಾನದ ಪುಂಡುವೇಷಧಾರಿಯು ರಂಗದ ಸುತ್ತ ದಿಗಿಣ ಹಾರುವುದನ್ನು ನೋಡಲೆಂದೇ ನಿದ್ದೆಗೆಟ್ಟು ಕೂರುವವರುಂಟು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ವಿದ್ಯಾರ್ಥಿಗಳ ಮಲ್ಲಕಂಬದ ಪ್ರದರ್ಶನವೂ ಹೆಸರಾದುದು. ಅದೇ ಊರಿನ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಮಂದಿ ಸ್ತ್ರೀಯರು ಹೆಣೆದುಕೊಂಡು ಆನೆಯ ಆಕಾರ ತಳೆದ ನವನಾರೀಕುಂಜರವನ್ನು ಕಾಣಬಹುದು.

ಹೀಗೆ ದೇಹಗಳನ್ನು ಹೆಣೆಯುವ, ಲಾಗ ಹಾಕುವ ಕಲೆಯೇ ಅಮೆರಿಕೆಯಲ್ಲಿ ಚಿಯರ್‌ಲೀಡಿಂಗ್ ಎಂಬ ಕ್ರೀಡೆಯಾಗಿದೆ. 1898ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಆಟದ ಬಯಲಿನಲ್ಲಿ ಬರಿಯ ಜಯಘೋಷವಾಗಿ ಮೊದಲಾದ ಇದರ ಅಂತರರಾಷ್ಟ್ರೀಯ ಸಂಘಕ್ಕೆ 2021ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆ ದೊರೆಯಿತು. ವೇಷ ಯಾವುದೇ ಆಗಲಿ, ಕಲಿಯುವ ಮಗುವಿನ ಎದುರಿಗಿರುವ ಕಷ್ಟ ಒಂದೇ. ಒಬ್ಬಳು ಸಲೀಸಾಗಿ ಉರುಳುತ್ತಾಳೆ. ಅಷ್ಟೇ ಬಲವುಳ್ಳ ಇನ್ನೊಬ್ಬಳು ಓಡಿ ಬಂದು ಕಡೆಯ ಗಳಿಗೆಯಲ್ಲಿ ನಿಂತುಬಿಡುತ್ತಾಳೆ. “ಹೆದರಬೇಡ, ಹಾರು” ಎಂದು ಹಿರಿಯರು ಹುರಿದುಂಬಿಸುತ್ತಾರೆ. ಈ ಮಾತಿನಿಂದ ಧೈರ್ಯ ಬರುವುದೆ? ಇದನ್ನು ತಿಳಿಯಲು ಮೊದಲು ಲಾಗದಲ್ಲಿ ದೇಹಕ್ಕೆ ಏನಾಗುತ್ತದೆಂಬುದನ್ನು ನೋಡೋಣ.

ಗಾಳಿಯಲ್ಲಿ ಮುಕ್ಕಾಲು ಸೆಕೆಂಡೂ ಇಲ್ಲ

ನೆಲವನ್ನು ಒದ್ದು ಮೇಲೆದ್ದ ದೇಹದ ಗುರುತ್ವಕೇಂದ್ರವು ಅರ್ಧ ಮೀಟರು ಏರಿತೆಂದು ಇಟ್ಟುಕೊಳ್ಳೋಣ. ಏರಲು ಹಾಗೂ ಇಳಿಯಲು ಹಿಡಿಯುವ ಒಟ್ಟು ಕಾಲ ಸುಮಾರು 0.64 ಸೆಕೆಂಡು. ಕೈಯೂರದೆ ಹಾಕುವ ಲಾಗದಲ್ಲಿ ಇಡೀ ಸುತ್ತು ಇಷ್ಟರೊಳಗೆ ಮುಗಿಯಬೇಕು. ಕಾಲು ನೆಲವನ್ನು ಬಿಟ್ಟ ಮೇಲೆ ಹೊಸದಾಗಿ ತಿರುಗುವ ಬಲವನ್ನು ಪಡೆಯಲು ಗಾಳಿಯಲ್ಲಿ ಆಸರೆಯಿಲ್ಲ. ಒದೆಯುವಾಗ ಎಷ್ಟು ಕೋನೀಯ ಸಂವೇಗ ಸಿಕ್ಕಿತೋ ಅಷ್ಟೇ ಬಂಡವಾಳ.

ಆದರೆ ಆ ಬಂಡವಾಳವನ್ನು ವೆಚ್ಚಮಾಡುವ ಜಾಣತನ ನಮ್ಮ ಕೈಯಲ್ಲಿದೆ. ಮೊಣಕಾಲುಗಳನ್ನು ಎದೆಗೆ ಸೇರಿಸಿ ಮುದುಡಿಕೊಂಡರೆ, ತಿರುಗುವಿಕೆಗೆ ದೇಹವು ಒಡ್ಡುವ ಜಡತ್ವವು ನೀಳವಾಗಿದ್ದಾಗ ಇದ್ದುದರ ಮೂರು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ವೇಗವು ಏರುತ್ತದೆ. ಮೈ ಬಿಚ್ಚಿದೊಡನೆ ವೇಗ ತಗ್ಗುತ್ತದೆ. ದಿಗಿಣದ ಕಲಾವಿದನು ಕೈಗಳನ್ನು ಬೀಸಿ ಒಳಕ್ಕೆ ಸೆಳೆದುಕೊಳ್ಳುವುದರಲ್ಲಿಯೂ ಇದೇ ನಿಯಮವಿದೆ. ಹೆದರಿದ ಮಗುವಾದರೋ ನಡುವಿನಲ್ಲಿಯೇ ಮೈ ಬಿಚ್ಚುತ್ತದೆ. ಸುತ್ತು ನಿಧಾನವಾಗಿ ಅರ್ಧಕ್ಕೇ ನಿಲ್ಲುತ್ತದೆ, ಬೆನ್ನೋ ಕುತ್ತಿಗೆಯೋ ನೆಲಕ್ಕೆ ಬಡಿಯುತ್ತದೆ. ಅರೆಮನಸ್ಸಿನ ಲಾಗವು ಪೂರ್ಣ ಲಾಗಕ್ಕಿಂತ ಅಪಾಯಕರವಾಗುವುದು ಈ ಕಾರಣದಿಂದ.

ಇಳಿಯುವ ಲೆಕ್ಕ

ಹಾರುವುದನ್ನು ಕಲಿಯುವ ಮೊದಲು ಇಳಿಯುವುದನ್ನು ಕಲಿಯಬೇಕು. ಅರ್ಧ ಮೀಟರಿನಿಂದ ಬಿದ್ದ ದೇಹವು ಸೆಕೆಂಡಿಗೆ 3 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ನೆಲವನ್ನು ತಲಪುತ್ತದೆ. ಕಾಲನ್ನು ಸೆಟೆದು ನಿಂತು 5 ಸೆಂಟಿಮೀಟರಿನಲ್ಲಿ ಆ ವೇಗವನ್ನು ತಡೆದರೆ ಕಾಲುಗಳ ಮೇಲೆ ಬೀಳುವ ಸರಾಸರಿ ಬಲವು ದೇಹದ ತೂಕದ 11 ಪಟ್ಟು. ಕಣಕಾಲು, ಮೊಣಕಾಲು, ಸೊಂಟಗಳನ್ನು ಮಡಿಸುತ್ತ 25 ಸೆಂಟಿಮೀಟರಿನಲ್ಲಿ ತಡೆದರೆ ಕೇವಲ 3 ಪಟ್ಟು. 40 ಕಿಲೋಗ್ರಾಂ ತೂಗುವ ಬಾಲಕಿಗೆ ಇದು 440 ಕಿಲೋಗ್ರಾಮಿನ ಭಾರಕ್ಕೂ 120 ಕಿಲೋಗ್ರಾಮಿನ ಭಾರಕ್ಕೂ ಇರುವ ಅಂತರ. ನಮ್ಮ ಕಡೆಯ ಮುರಕಲ್ಲಿನ ಅಂಗಳ, ಸಿಮೆಂಟಿನ ಜಗಲಿಗಳು ಒಂದಿಷ್ಟೂ ಬಗ್ಗುವುದಿಲ್ಲ. ಆದುದರಿಂದ ದಪ್ಪನೆಯ ಚಾಪೆ ಇರಲೇಬೇಕು; ಇಲ್ಲದಿದ್ದರೆ ಕಲ್ಲು ಕೊರಡುಗಳನ್ನು ಆರಿಸಿ ತೆಗೆದ ಮರಳ ನೆಲವಾದರೂ ಬೇಕು.

ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಪಾಠ ಬೆನ್ನಿನ ಮೇಲೆ ತೊಟ್ಟಿಲಿನಂತೆ ತೂಗುವುದು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹಿಂದೆ ಮುಂದೆ ತೂಗಬೇಕು. ಇದು ಒಗ್ಗಿದ ಮೇಲೆ ಸ್ವಲ್ಪ ಇಳಿಜಾರಾಗಿ ಹಾಸಿದ ಚಾಪೆಯ ಮೇಲೆ ಮುಂದಕ್ಕೆ ಉರುಳುವುದು. ಇಳಿಜಾರೇ ಅರ್ಧ ಕೆಲಸ ಮಾಡುತ್ತದೆ. ಇಲ್ಲಿ ಭಾರವು ಕೈಗಳಿಂದ ಭುಜಗಳ ಹಿಂಬದಿಗೆ ಸಾಗಬೇಕೇ ಹೊರತು ನೆತ್ತಿಯ ಮೇಲೆ ಬೀಳಕೂಡದು. ಕುತ್ತಿಗೆಯ ಮಣಿಗಳೊಳಗೆ ಸಾಗುವ ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲುಗಳ ಚಲನೆಯೇ ಜೀವಮಾನವಿಡೀ ನಿಂತುಹೋಗಬಹುದು.

ಮೂರನೆಯದು ಗೋಡೆಯ ಆಸರೆಯಲ್ಲಿ ಕೈಯ ಮೇಲೆ ನಿಲ್ಲುವುದು. ಬೆರಳುಗಳನ್ನು ಅಗಲಿಸಿ, ಮೊಣಕೈ ಬಗ್ಗದಂತೆ ಭುಜವನ್ನು ಮೇಲಕ್ಕೆ ಒತ್ತಿ, ಹೊಟ್ಟೆಯನ್ನು ಬಿಗಿಹಿಡಿಯಬೇಕು. ಬೆಳೆಯುವ ವಯಸ್ಸಿನಲ್ಲಿ ಮುಂಗೈಯ ಎಲುಬುಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ. ಅತಿಯಾದ ಭಾರ ಅದಕ್ಕೆ ಹಾನಿಯುಂಟುಮಾಡಬಲ್ಲುದು. ಮಣಿಕಟ್ಟಿನ ನೋವು ಮರುದಿನವೂ ಇದ್ದರೆ ಕೈಗೆ ವಿಶ್ರಾಂತಿ ಕೊಡಬೇಕು; ಆಗಲೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು. ನಾಲ್ಕನೆಯದು ಬಂಡಿಯ ಗಾಲಿಯಂತೆ ಬದಿಗೆ ತಿರುಗುವ ಲಾಗ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕೈ, ಕೈ, ಕಾಲು, ಕಾಲು ಎಂಬ ಕ್ರಮದಲ್ಲಿ ಗೆರೆಯ ಮೇಲೆಯೇ ಊರುವಂತೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ಹಿಂದಕ್ಕೆ ಹಾಕುವ ಲಾಗಗಳು ಇವೆಲ್ಲ ಪಳಗಿದ ಮೇಲಿನ ಮಾತು. ಅವನ್ನು ಅನುಭವಿ ಶಿಕ್ಷಕರ ಕೈಯಾಸರೆಯಿಲ್ಲದೆ ತೊಡಗಬಾರದು.

ಹೆದರಿಕೆ ಎಲ್ಲಿಂದ?

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ತಿರುಗಿದೊಡನೆ ದ್ರವವು ಹಿಂದುಳಿದು ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಮಿದುಳಿಗೆ ಸುದ್ದಿ ಹೋಗುತ್ತದೆ. ಈ ಸುದ್ದಿಯನ್ನು ಕಣ್ಣು, ಸ್ನಾಯು, ಕೀಲುಗಳ ಸುದ್ದಿಯೊಡನೆ ಹೊಂದಿಸಿ “ನಾನು ಈಗ ಇಂಥ ಭಂಗಿಯಲ್ಲಿದ್ದೇನೆ” ಎಂದು ಮಿದುಳು ತೀರ್ಮಾನಿಸುತ್ತದೆ. ಹೊಸದಾಗಿ ತಲೆಕೆಳಗಾದ ಮಗುವಿಗೆ ಈ ಸುದ್ದಿಗಳನ್ನು ಓದುವ ಅಭ್ಯಾಸವಿಲ್ಲ. ಎಲ್ಲಿದ್ದೇನೆಂದು ತಿಳಿಯದ ದೇಹವು ಮುಂದುವರಿಯಲು ಒಪ್ಪುವುದಿಲ್ಲ. ಇದೇ ಹೆದರಿಕೆ. ಇದು ಹೇಡಿತನವಲ್ಲ, ಎಚ್ಚರಿಕೆಯ ಗಂಟೆ.

ನುರಿತವರಿಗೂ ಇದು ತಪ್ಪಿದ್ದಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅಮೆರಿಕೆಯ ಸಿಮೋನ್ ಬೈಲ್ಸ್ ಗಾಳಿಯಲ್ಲಿ ಎರಡೂವರೆ ತಿರುಚು ಹಾಕಲು ಹೊರಟು, ಒಂದೂವರೆಗೇ ದಿಕ್ಕು ತಿಳಿಯದೆ ಇಳಿದಳು. ಆ ಸ್ಥಿತಿಯಲ್ಲಿ ಹಾರುವುದು ಅಪಾಯವೆಂದರಿತು ಹಲವು ಸ್ಪರ್ಧೆಗಳಿಂದ ಹಿಂದೆ ಸರಿದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವಳೇ ಮೂರು ಚಿನ್ನದ ಪದಕಗಳನ್ನು ಗೆದ್ದಳು. ಗಂಟೆಯ ಸದ್ದನ್ನು ಕೇಳಿ ನಿಂತುದರಿಂದ ಅವಳ ಧೈರ್ಯಕ್ಕೆ ಕುಂದುಂಟಾಗಲಿಲ್ಲ.

ಇದರಿಂದ ಕಲಿಸುವವರು ತಿಳಿಯಬೇಕಾದುದಿಷ್ಟು. ಧೈರ್ಯವನ್ನು ಮಾತಿನಿಂದ ತುಂಬಲಾಗದು. ಸುರಕ್ಷಿತವಾಗಿ ಮುಗಿಸಿದ ಒಂದೊಂದು ಉರುಳೂ ಅದನ್ನು ಒಂದಿಷ್ಟು ಬೆಳೆಸುತ್ತದೆ. ಮಗು ನಿಂತುಬಿಟ್ಟರೆ ಗದರಿಸದೆ, ನಗದೆ, ಒಂದು ಮೆಟ್ಟಿಲು ಕೆಳಗಿಳಿದು ಅವಳಿಗೆ ಬರುವುದನ್ನೇ ಮತ್ತೆ ಮಾಡಿಸಬೇಕು. “ಚೆನ್ನಾಗಿತ್ತು” ಎಂಬ ಬರಿಯ ಹೊಗಳಿಕೆಗಿಂತ “ಈ ಸಲ ಗಲ್ಲ ಎದೆಗೆ ಸೇರಿತ್ತು” ಎಂಬ ಖಚಿತವಾದ ಮಾತು ಹೆಚ್ಚು ಪ್ರಯೋಜನಕರ. ದಣಿದ ಮೇಲೆ ಹೊಸ ಪಾಠ ಬೇಡ. ಕುತ್ತಿಗೆಗೆ ಪೆಟ್ಟಾಯಿತೆಂಬ ಶಂಕೆ ಬಂದರೆ ಮಗುವನ್ನು ಎತ್ತಿ ಕೂರಿಸದೆ, ತಲೆ ಅಲುಗಾಡದಂತೆ ಹಿಡಿದು ವೈದ್ಯರ ನೆರವು ಪಡೆಯಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮಂದಿರಿಗೂ ತಂಗಿಯರಿಗೂ ಶಾಲೆಯ ವಾರ್ಷಿಕೋತ್ಸವಕ್ಕಾಗಿ ಇಂಥ ಆಟಗಳನ್ನು ಕಲಿಸುವುದುಂಟು. ಪ್ರದರ್ಶನದ ದಿನ ಹತ್ತಿರವಾದಂತೆ ಅವಸರವೂ ಹೆಚ್ಚುತ್ತದೆ. ಅಂಥ ವೇಳೆಯಲ್ಲಿ ಒಂದು ಮಗು “ಇವತ್ತು ಬೇಡ” ಎಂದರೆ ಆ ಮಾತಿಗೆ ಬೆಲೆ ಕೊಡಬೇಕು. ಆ ದಿನ ಅವಳು ಚಾಪೆಯ ಮೇಲೆ ಬರಿದೇ ಉರುಳಲಿ; ಲಾಗಕ್ಕೆ ಮುಂದಿನ ವರ್ಷದ ವಾರ್ಷಿಕೋತ್ಸವವೂ ಇದೆ.