ಎಳೆಯ ನಾಯಿಯ ಸೊಂಟದ ಕೀಲು: ತಿಂಗಳುಗಳ ಲೆಕ್ಕ

ಏಳೆಂಟು ತಿಂಗಳ ಲ್ಯಾಬ್ರಡಾರ್ ಮರಿಯೊಂದು ಮಲಗಿದಲ್ಲಿಂದ ಏಳುವುದನ್ನು ಗಮನಿಸಿ ನೋಡಿ. ಗಟ್ಟಿಮುಟ್ಟಾದ ಮರಿಯಾದರೆ ಹೆಸರು ಕರೆದ ಕೂಡಲೇ ನಾಲ್ಕೂ ಕಾಲ ಮೇಲೆ ನಿಂತಿರುತ್ತದೆ. ಸೊಂಟದ ಕೀಲು ನೋಯುವ ಮರಿ ಮೊದಲು ಮುಂಗಾಲೂರಿ ಎದೆ ಎತ್ತುತ್ತದೆ, ಒಂದು ಗಳಿಗೆ ಹಾಗೇ ಕೂರುತ್ತದೆ, ಆಮೇಲೆ ಮುಂಗಾಲಿನ ಬಲದಲ್ಲೇ ಹಿಂಭಾಗವನ್ನು ಎಳೆದುಕೊಂಡು ಏಳುತ್ತದೆ. ಓಡುವಾಗ ಎರಡೂ ಹಿಂಗಾಲುಗಳನ್ನು ಜೋಡಿಸಿ ಒಟ್ಟಿಗೇ ಕುಪ್ಪಳಿಸುತ್ತದೆ. ನಡೆದರೆ ಸೊಂಟ ಅತ್ತಿತ್ತ ಹೊಯ್ದಾಡುತ್ತದೆ. ಮೊನ್ನೆಯವರೆಗೆ ಒಂದೇ ನೆಗೆತಕ್ಕೆ ಕಾರು ಹತ್ತುತ್ತಿದ್ದದ್ದು ಈಗ ಬಾಗಿಲ ಬಳಿ ನಿಂತು ಮುಖ ನೋಡುತ್ತದೆ.

ಮನೆಯವರು ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ, ‘ದೊಡ್ಡ ಜಾತಿಯ ನಾಯಿ, ಬೆಳೆಯುತ್ತಾ ಸರಿಹೋಗುತ್ತೆ’ ಎನ್ನುತ್ತಾರೆ. ನಾಯಿ ಕೀಲುನೋವಿಗೆ ಕೂಗುವುದು ಅಪರೂಪ. ಆಟ ಕಡಿಮೆ ಮಾಡುತ್ತದೆ, ಅಷ್ಟೆ. ಹೀಗೆ ಎರಡು ಮೂರು ತಿಂಗಳು ಕಳೆದುಹೋಗುತ್ತವೆ. ಈ ಕಾಯಿಲೆಯಲ್ಲಿ ಯಾವ ಚಿಕಿತ್ಸೆ ಸಾಧ್ಯ, ಯಾವುದು ಕೈತಪ್ಪಿತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ತಿಂಗಳುಗಳೇ.

ಕಾಯಿಲೆಯ ಹೆಸರು ಹಿಪ್ ಡಿಸ್‌ಪ್ಲೇಸಿಯಾ. ಸೊಂಟದ ಎಲುಬಿನಲ್ಲಿ ಒಂದು ಗುಳಿ, ಅದರೊಳಗೆ ಕೂರುವ ತೊಡೆಮೂಳೆಯ ತಲೆ, ಇವೆರಡೂ ಸೇರಿ ಕೀಲು. ರುಬ್ಬುವ ಕಲ್ಲಿನ ಗುಂಡು ಗುಳಿಯಲ್ಲಿ ಸರಿಯಾಗಿ ಕೂತರೆ ಮಾತ್ರ ಸಲೀಸಾಗಿ ತಿರುಗುತ್ತದೆ. ಸಡಿಲವಿದ್ದರೆ ಪ್ರತಿ ಸುತ್ತಿಗೂ ಅಂಚಿಗೆ ಬಡಿಯುತ್ತದೆ. ಇಲ್ಲಿ ಆಗುವುದೂ ಅದೇ. ಮರಿ ಹುಟ್ಟುವಾಗ ಕೀಲು ನೆಟ್ಟಗೇ ಇರುತ್ತದೆ. ಮೊದಲ ಕೆಲವು ವಾರಗಳಲ್ಲಿ ಅದು ಸಡಿಲವಾಗುತ್ತದೆ. ಮೂಳೆಯ ತಲೆ ಗುಳಿಯಿಂದ ಅರ್ಧ ಹೊರಜಾರುತ್ತಾ, ಮತ್ತೆ ಒಳಸೇರುತ್ತಾ ಎಳೆಯ ಅಂಚನ್ನು ಜಜ್ಜುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳೇಳುತ್ತವೆ, ಕೀಲಿನೊಳಗಿನ ನುಣುಪಾದ ಮೆದುಮೂಳೆ ಸವೆಯುತ್ತದೆ. ನಾಲ್ಕರಿಂದ ಹನ್ನೆರಡು ತಿಂಗಳ ನಡುವಿನ ಮರಿ ಅನುಭವಿಸುವ ತೀವ್ರ ನೋವು ಈ ಹಂತದ್ದು. ಮುಂದೆ ದೇಹವೇ ಕೀಲಿನ ಸುತ್ತ ದಪ್ಪ ನಾರಿನ ಹೊದಿಕೆ ಬೆಳೆಸಿ ಸಡಿಲವನ್ನು ಒಂದಿಷ್ಟು ಬಿಗಿ ಮಾಡುತ್ತದೆ. ಎಷ್ಟೋ ನಾಯಿಗಳಿಗೆ ಒಂದೂವರೆ ವರ್ಷದ ಹೊತ್ತಿಗೆ ನೋವು ತಗ್ಗುವುದು ಇದರಿಂದ. ವರ್ಷಗಳ ಮೇಲೆ ಸವೆತದ ಸಂಧಿವಾತವಾಗಿ ನೋವು ಮತ್ತೆ ಬರುತ್ತದೆ.

ಅಮೆರಿಕದ ಪಶುವೈದ್ಯ ಗೆರಿ ಷ್ನೆಲ್ 1930ರ ದಶಕದಲ್ಲಿ ನಾಯಿಗಳಲ್ಲಿ ಇದನ್ನು ಮೊದಲು ವಿವರಿಸಿದಾಗ ಇದೊಂದು ಅಪರೂಪದ ದೋಷವೆಂದೇ ಎಲ್ಲರೂ ತಿಳಿದಿದ್ದರು. ಎಕ್ಸ್‌ರೇ ಬಳಕೆ ಹೆಚ್ಚಿದಂತೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್ ಜಾತಿಗಳಲ್ಲಿ ಇದು ಎಷ್ಟು ಸಾಮಾನ್ಯ ಎನ್ನುವುದು ಬಯಲಾಯಿತು. ನಮ್ಮ ಊರುಗಳಲ್ಲಿ ಜನ ಆಸೆಪಟ್ಟು ತರುವುದೂ ಇವೇ ಜಾತಿಗಳನ್ನು. ಮೈಯೆಲ್ಲ ಸ್ನಾಯುವೇ ಆಗಿರುವ ಗ್ರೇಹೌಂಡ್‌ಗಳಲ್ಲಿ ಇದು ತೀರಾ ಕಡಿಮೆ.

ಕುಂಟುವ ಎಳೆಯ ನಾಯಿಗಳಿಗೆಲ್ಲ ಈ ಕಾಯಿಲೆ ಇರುತ್ತದೆ ಎಂದೇನೂ ಅಲ್ಲ. ಕರ್ನಾಟಕದಲ್ಲಿ ಮೊದಲು ಅನುಮಾನಿಸಬೇಕಾದದ್ದು ಉಣ್ಣೆಯಿಂದ ಬರುವ ಜ್ವರ, ಎಲ್ಲರೂ ‘ಟಿಕ್ ಫೀವರ್’ ಎನ್ನುವುದು. ಎರ್ಲಿಕಿಯಾ ಎಂಬ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿದರೆ ಜ್ವರ, ಮಂಕುತನಗಳ ಜೊತೆಗೆ ಕೀಲುಗಳೂ ಬಾತುಕೊಳ್ಳಬಹುದು. ರಕ್ತ ಪರೀಕ್ಷೆಯಲ್ಲಿ ಇದು ಪತ್ತೆಯಾಗುತ್ತದೆ, ಡಾಕ್ಸಿಸೈಕ್ಲಿನ್ ಕೋರ್ಸಿಗೆ ಬಗ್ಗುತ್ತದೆ. ಇದನ್ನು ಬಿಟ್ಟು ನೇರವಾಗಿ ಎಕ್ಸ್‌ರೇಗೆ ಓಡಬಾರದು. ಇನ್ನೊಂದು ಊಟದ ದೋಷ. ಬರೀ ಅನ್ನ, ಮೂಳೆಯಿಲ್ಲದ ಕೋಳಿಮಾಂಸ ತಿಂದು ಬೆಳೆಯುವ ಮರಿಗೆ ಕ್ಯಾಲ್ಸಿಯಂ ಸಾಲದೆ ಮೂಳೆ ಟೊಳ್ಳಾಗುತ್ತದೆ, ಕಾಲು ಬಾಗುತ್ತದೆ. ಹಾಗಂತ ದೊಡ್ಡ ಜಾತಿಯ ಮರಿಗೆ ಕಂಪನಿ ಆಹಾರದ ಮೇಲೆ ಕ್ಯಾಲ್ಸಿಯಂ ಸಿರಪ್ಪನ್ನೂ ಹಾಕುವುದು ಅಷ್ಟೇ ಅಪಾಯ. ಸುಮಾರು ಆರು ತಿಂಗಳವರೆಗೆ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನು ಬೇಡವೆನ್ನುವ ಶಕ್ತಿ ಇರುವುದಿಲ್ಲ. ಹೀರಿಕೊಂಡದ್ದೆಲ್ಲ ಮೂಳೆಯ ಬೆಳವಣಿಗೆಯನ್ನು ಕೆಡಿಸುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ತೋರಿಸಿವೆ. ನೋವು ಇವತ್ತು ಒಂದು ಕಾಲಿನಲ್ಲಿ, ಇನ್ನೆರಡು ವಾರಕ್ಕೆ ಇನ್ನೊಂದು ಕಾಲಿನಲ್ಲಿ ಎಂಬಂತೆ ಊರು ಸುತ್ತುತ್ತಿದ್ದರೆ ಅದು ಪ್ಯಾನಾಸ್ಟಿಯೈಟಿಸ್ ಇರಬಹುದು, ಬೆಳೆದಂತೆ ತಾನಾಗಿ ಹೋಗುತ್ತದೆ. ಮುಂಗಾಲು ಕುಂಟಿದರೆ ಮೊಣಕೈ ಅಥವಾ ಭುಜದ ಕೀಲು ನೋಡಬೇಕು. ಪಾಮೆರೇನಿಯನ್ನಿನಂಥ ಪುಟ್ಟ ನಾಯಿ ನಾಲ್ಕು ಹೆಜ್ಜೆಗೊಮ್ಮೆ ಹಿಂಗಾಲೆತ್ತಿ ನೆಗೆದರೆ ಮಂಡಿಚಿಪ್ಪು ಜಾರುತ್ತಿದೆ ಎಂದರ್ಥ.

ಸೊಂಟದ ಕೀಲಿನದೇ ತೊಂದರೆ ಎಂದು ಖಚಿತ ಮಾಡಿಕೊಳ್ಳುವ ಪರೀಕ್ಷೆ ಎಲ್ಲಕ್ಕಿಂತ ಮೊದಲು ವೈದ್ಯರ ಕೈಯಲ್ಲಿದೆ. ನಾಯಿಗೆ ಮಂಪರು ಕೊಟ್ಟು ಮಲಗಿಸಿ, ಮಡಚಿದ ಮಂಡಿಯನ್ನು ಹಿಡಿದು ತೊಡೆಮೂಳೆಯನ್ನು ಬೆನ್ನಿನ ಕಡೆಗೆ ಒತ್ತುತ್ತಾರೆ. ಸಡಿಲ ಕೀಲಾದರೆ ಮೂಳೆಯ ತಲೆ ಗುಳಿಯಿಂದ ಸರಿಯುತ್ತದೆ. ಒತ್ತಡ ಬಿಡದೆ ಮಂಡಿಯನ್ನು ಮೆಲ್ಲಗೆ ಹೊರಕ್ಕೆ ಅಗಲಿಸಿದಾಗ ಅದು ‘ಟಕ್’ ಎಂದು ಒಳಗೆ ಬೀಳುತ್ತದೆ. ಕಿವಿಗೆ ಕೇಳದಿದ್ದರೂ ಬೆರಳಿಗೆ ತಿಳಿಯುತ್ತದೆ. ಇಟಲಿಯ ಮಕ್ಕಳ ವೈದ್ಯ ಮರೀನೊ ಓರ್ತೊಲಾನಿ ಹಸುಗೂಸುಗಳಿಗಾಗಿ ರೂಪಿಸಿದ ಪರೀಕ್ಷೆ ಇದು. ಅವರ ಹೆಸರಿನಿಂದಲೇ ಪಶುವೈದ್ಯರೂ ಇದನ್ನು ಕರೆಯುತ್ತಾರೆ. ಗುಳಿಯ ಅಂಚು ಸವೆದುಹೋದ ಹಳೆಯ ಕೇಸಿನಲ್ಲಿ ಈ ‘ಟಕ್’ ಸಿಗುವುದಿಲ್ಲ. ಅದು ಸಿಕ್ಕುವ ಕಾಲದಲ್ಲಿ ಹೋಗುವುದೇ ಒಳ್ಳೆಯದು.

ಆಮೇಲೆ ಎಕ್ಸ್‌ರೇ. ಮಂಪರಿಲ್ಲದೆ, ಇಬ್ಬರು ಅದುಮಿ ಹಿಡಿದು ತೆಗೆದ ಎಕ್ಸ್‌ರೇ ಈ ಕಾಯಿಲೆಗೆ ಸಾಲದು; ಕಾಲುಗಳು ನೇರವಾಗಿ, ಸಮಾನವಾಗಿ ಚಾಚಿಕೊಂಡಿರಬೇಕು. ಕೀಲಿನ ಸಡಿಲವನ್ನು ಅಳೆಯುವ ಪೆನ್‌ಹಿಪ್ ಎಂಬ ವಿಧಾನವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ ರೂಪಿಸಿದರು. ಅದನ್ನು 16 ವಾರದ ಮರಿಗೇ ಮಾಡಬಹುದು.

ಎಕ್ಸ್‌ರೇ ಭಯಂಕರವಾಗಿ ಕಂಡಿತೆಂದು ಧೈರ್ಯಗೆಡಬೇಡಿ. ಚಿತ್ರಕ್ಕೂ ನೋವಿಗೂ ಹೊಂದಾಣಿಕೆ ಕಡಿಮೆ. ಗುಳಿ ಪೂರ್ತಿ ಚಪ್ಪಟೆಯಾಗಿದ್ದೂ ಆರಾಮಾಗಿ ಓಡಾಡುವ ನಾಯಿಗಳಿವೆ, ಅಲ್ಪ ದೋಷವಿದ್ದೂ ನರಳುವ ನಾಯಿಗಳಿವೆ. ಚಿಕಿತ್ಸೆ ಕೊಡಬೇಕಾದದ್ದು ನಾಯಿಗೆ, ಫಿಲ್ಮಿಗಲ್ಲ.

ಯಾವ ತಿಂಗಳಿಗೆ ಯಾವ ಶಸ್ತ್ರಚಿಕಿತ್ಸೆ

ಮೂರರಿಂದ ಐದು ತಿಂಗಳೊಳಗೆ ಸಡಿಲ ಪತ್ತೆಯಾದರೆ ಸೊಂಟದ ಎಲುಬಿನ ಕೆಳಭಾಗದ ಬೆಳೆಯುವ ಕೂಡುಗೆರೆಯನ್ನು ವಿದ್ಯುತ್ ಶಾಖದಿಂದ ಸುಟ್ಟು ಅಲ್ಲಿನ ಬೆಳವಣಿಗೆ ನಿಲ್ಲಿಸುತ್ತಾರೆ. ಉಳಿದ ಭಾಗ ಬೆಳೆಯುತ್ತಾ ಹೋದಂತೆ ಗುಳಿಗಳು ತಾವಾಗಿ ತಿರುಗಿ ಮೂಳೆಯ ತಲೆಯನ್ನು ಮುಚ್ಚಿಕೊಳ್ಳುತ್ತವೆ. ಚಿಕ್ಕ ಶಸ್ತ್ರಚಿಕಿತ್ಸೆ, ಬೇಗ ಚೇತರಿಕೆ. ಆದರೆ ಆ ವಯಸ್ಸಿನಲ್ಲಿ ಮರಿ ಇನ್ನೂ ಕುಂಟುತ್ತಿರುವುದಿಲ್ಲವಾದ್ದರಿಂದ ಯಾರೂ ತೋರಿಸುವುದಿಲ್ಲ. ದೊಡ್ಡ ಜಾತಿಯ ಮರಿ ತಂದವರು ಲಸಿಕೆಗೆ ಹೋದಾಗಲೇ ‘ಸೊಂಟದ ಕೀಲನ್ನೂ ನೋಡಿ ಡಾಕ್ಟ್ರೇ’ ಎಂದು ಕೇಳಬೇಕು.

ಐದರಿಂದ ಹತ್ತು ತಿಂಗಳ ನಡುವೆ, ಕೀಲು ಸಡಿಲವಿದ್ದು ಸವೆತ ಶುರುವಾಗಿಲ್ಲದಿದ್ದರೆ, ಸೊಂಟದ ಎಲುಬನ್ನು ಕತ್ತರಿಸಿ ಗುಳಿಯನ್ನು ತಿರುಗಿಸಿ ಪ್ಲೇಟು ಹಾಕಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಎಕ್ಸ್‌ರೇಯಲ್ಲಿ ಸಂಧಿವಾತ ಕಂಡಿತೆಂದರೆ ಆ ದಾರಿ ಮುಚ್ಚಿತು.

ಆನಂತರ ಉಳಿಯುವುದು ಎರಡು. ಒಂದು, ತೊಡೆಮೂಳೆಯ ತಲೆಯನ್ನೇ ಕತ್ತರಿಸಿ ತೆಗೆಯುವುದು. ಮೂಳೆಗೆ ಮೂಳೆ ತಾಗುವುದು ನಿಂತು ನೋವು ಹೋಗುತ್ತದೆ, ಆ ಜಾಗದಲ್ಲಿ ನಾರಿನ ಅಂಗಾಂಶ ಕಟ್ಟಿ ಸುಳ್ಳುಕೀಲು ರೂಪುಗೊಳ್ಳುತ್ತದೆ. ಸುಮಾರು 20 ಕಿಲೋದೊಳಗಿನ ನಾಯಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ದೊಡ್ಡ ನಾಯಿಗಳಿಗೂ ಮಾಡುತ್ತಾರೆ, ಅವುಗಳ ಚೇತರಿಕೆ ನಿಧಾನ. ಈ ಆಪರೇಷನ್ ಆದಮೇಲೆ ನಾಯಿಯನ್ನು ಮಲಗಿಸಿಡಬಾರದು. ನೋವಿನ ಔಷಧಿಯ ಆಸರೆಯಲ್ಲಿ ಬೇಗ ಕಾಲೂರಿಸಿ ನಡೆಸಬೇಕು, ದಿನಕ್ಕೆ ಹಲವು ಸಲ ಕಾಲನ್ನು ಹಿಂದಕ್ಕೆ ಮೆಲ್ಲಗೆ ಚಾಚಿಸಬೇಕು, ಇಲ್ಲವಾದರೆ ಸುಳ್ಳುಕೀಲು ಬಿಗಿದುಕೊಳ್ಳುತ್ತದೆ.

ಇನ್ನೊಂದು, ಕೀಲನ್ನೇ ಬದಲಿಸುವುದು. ಮನುಷ್ಯರಿಗೆ ಮಾಡುವಂತೆಯೇ ಲೋಹದ ತಲೆ, ಪ್ಲಾಸ್ಟಿಕ್ ಒಳಪದರದ ಗುಳಿ. ನಾಯಿಗಳಿಗೆ 1970ರ ದಶಕದಿಂದ ಮಾಡುತ್ತಿದ್ದಾರೆ. ಮೂಳೆ ಬೆಳೆದು ಮುಗಿದ ಮೇಲೆ, ತೀವ್ರ ನೋವಿನ ದೊಡ್ಡ ನಾಯಿಗೆ ಸಹಜ ನಡಿಗೆಯನ್ನು ಮರಳಿ ಕೊಡುವಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಕೀಲು ಜಾರುವುದು, ಸೋಂಕು, ಜೋಡಣೆ ಸಡಿಲವಾಗುವುದು ಇದರ ಅಪಾಯಗಳು. ಖರ್ಚು ಲಕ್ಷಗಳ ಲೆಕ್ಕ. ಅದಕ್ಕೆಂದೇ ತರಬೇತಾದ ಶಸ್ತ್ರವೈದ್ಯರು ಬೇಕು. ಇಂಥ ಎಷ್ಟು ಕೀಲು ಬದಲಿಸಿದ್ದೀರಿ ಎಂದು ಕೇಳಲು ಸಂಕೋಚ ಬೇಡ.

ಕತ್ತರಿ ಇಲ್ಲದ ದಾರಿ

ಎಲ್ಲ ನಾಯಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬ್ರಿಟನ್ನಿನಲ್ಲಿ 1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಳೆಯುವ ವಯಸ್ಸಿನಲ್ಲೇ ಈ ಕಾಯಿಲೆಯಿಂದ ಕುಂಟುತ್ತಿದ್ದ 68 ನಾಯಿಗಳನ್ನು ಶಸ್ತ್ರಚಿಕಿತ್ಸೆ ಇಲ್ಲದೆ ನೋಡಿಕೊಂಡಾಗ, ವರ್ಷಗಳ ನಂತರ ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಹೆಚ್ಚಿನ ದೋಷವಿಲ್ಲದೆ ನಡೆಯುತ್ತಿದ್ದವು. ಎಂಟು ತಿಂಗಳ ಮರಿಯ ನೋವು ಕಂಡು ‘ಇದಕ್ಕೆ ನಿದ್ದೆಯ ಇಂಜೆಕ್ಷನ್ ಕೊಡಿಸಿಬಿಡೋಣ’ ಎನ್ನುವವರಿಗೆ ಈ ಮಾತು ಹೇಳಲೇಬೇಕು. ಆ ವಯಸ್ಸಿನ ನೋವು ಕೊನೆಯ ತೀರ್ಪಲ್ಲ.

ಔಷಧಿಗಿಂತ ಮೊದಲು ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲೂ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ ಶೇ 25 ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ಗಮನಿಸಿದರು. ಕಡಿಮೆ ತಿಂದವುಗಳಿಗೆ ಸೊಂಟದ ಸಂಧಿವಾತ ತಡವಾಗಿ ಬಂತು, ಅವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. 2002ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಸರಿಗಟ್ಟುವ ಮಾತ್ರೆ ಯಾವ ಅಂಗಡಿಯಲ್ಲೂ ಇಲ್ಲ. ಪಕ್ಕೆಯ ಮೇಲೆ ಅಂಗೈ ಆಡಿಸಿದರೆ ಎಲುಬು ಸಲೀಸಾಗಿ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ನಡು ಸಣ್ಣಗಿರಬೇಕು. ಬೆಳಗಿನ ಕಾಫಿ ಜೊತೆಯ ಬಿಸ್ಕತ್ತು, ಉಳಿದ ಚಪಾತಿ, ತುಪ್ಪದನ್ನ ಇವೆಲ್ಲ ಪ್ರೀತಿಯಿಂದಲೇ ಹೋಗುತ್ತವೆ, ಆದರೆ ಭಾರ ಹೊರುವುದು ಆ ಹಿಂಗಾಲು.

ಎರಡನೆಯದು ನೆಲ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಮೇಲೆ ನಾಯಿಯ ಹಿಂಗಾಲು ಪ್ರತಿ ಹೆಜ್ಜೆಗೂ ಹೊರಕ್ಕೆ ಜಾರುತ್ತದೆ. ಅದು ಮಲಗುವ, ಉಣ್ಣುವ, ಓಡಾಡುವ ಜಾಗಕ್ಕೆ ರಬ್ಬರ್ ಮ್ಯಾಟೋ ಜಾರದಂತೆ ಅಂಟಿಸಿದ ಗೋಣಿತಾಟೋ ಹಾಕಿ. ಪಾದದಡಿಯ ಉದ್ದ ಕೂದಲು ಕತ್ತರಿಸಿ. ನಾರ್ವೆಯಲ್ಲಿ ನಾಲ್ಕು ದೊಡ್ಡ ಜಾತಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ಕಾಯಿಲೆ ಹೆಚ್ಚಿತ್ತು, ಮೆತ್ತನೆಯ ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದವುಗಳಲ್ಲಿ ಕಡಿಮೆ. ಕಾಯಿಲೆ ಬಂದ ನಾಯಿಗೂ ನಡಿಗೆ ಬೇಕು. ವಾರವಿಡೀ ಕಟ್ಟಿಹಾಕಿ ಭಾನುವಾರ ಒಂದು ಗಂಟೆ ಚೆಂಡು ಎಸೆಯುವುದಲ್ಲ. ದಿನಕ್ಕೆ ಎರಡು ಮೂರು ಸಲ, ಹಗ್ಗ ಹಿಡಿದು, ಸಣ್ಣ ನಡಿಗೆ. ತೋಟದ ಕೃಷಿಹೊಂಡ, ಕೆರೆ ಹತ್ತಿರವಿದ್ದು ನೀರು ಚೊಕ್ಕಟವಾಗಿದ್ದರೆ ಈಜಿಸಿ. ಕೀಲಿಗೆ ಭಾರವಿಲ್ಲದೆ ತೊಡೆಯ ಸ್ನಾಯು ಬಲಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ನೋವಿಗೆ ವೈದ್ಯರು ಮೆಲಾಕ್ಸಿಕಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್‌ನಂಥ ಔಷಧಿ ಬರೆಯುತ್ತಾರೆ. ಕೊಡುವಾಗ ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ನಿಲ್ಲಿಸಿ ಕೂಡಲೇ ಫೋನ್ ಮಾಡಿ. ಇವುಗಳ ಜೊತೆ ಸ್ಟೆರಾಯ್ಡ್ ಬೆರೆಸಬಾರದು. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಯನ್ನು ನಾಯಿಗೆ ಎಂದೂ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯದಿಂದ ನಾಯಿ ಸಾಯಬಹುದು. ರಣಹದ್ದುಗಳ ನಾಶಕ್ಕೆ ಕಾರಣವಾಗಿ 2006ರಲ್ಲಿ ಭಾರತದಲ್ಲಿ ಪಶುಚಿಕಿತ್ಸೆಯಿಂದ ನಿಷೇಧಿತವಾದದ್ದು ಇದೇ ಡೈಕ್ಲೊಫೆನಾಕ್. ಗ್ಲುಕೋಸಮೀನ್ ಮಾತ್ರೆಗಳಿಂದ ಹಾನಿಯಿಲ್ಲ, ಆದರೆ ಅವು ನೋವು ಇಳಿಸುತ್ತವೆ ಎನ್ನಲು ಆಧಾರ ತೆಳು. ಹಣ ಮಿತವಾಗಿದ್ದರೆ ಅದನ್ನು ಎಕ್ಸ್‌ರೇಗೆ, ಫಿಸಿಯೋಥೆರಪಿಗೆ ಇಟ್ಟುಕೊಳ್ಳುವುದೇ ಮೇಲು.

ವೈದ್ಯರಲ್ಲಿಗೆ ಹೋಗುವಾಗ ನಾಯಿ ಏಳುವ, ನಡೆಯುವ, ಮೆಟ್ಟಿಲಿಳಿಯುವ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿ ನೋವು ತೋರಿಸುವುದಿಲ್ಲ. ಒಬ್ಬರು ‘ಏನೂ ಮಾಡಲಾಗದು’ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹಳೆಯ ಎಕ್ಸ್‌ರೇ ಹಿಡಿದು ಹೋಗಿ ಶಸ್ತ್ರಚಿಕಿತ್ಸಾ ವಿಭಾಗದವರನ್ನು ಕಾಣಬಹುದು.

ಈ ಕಾಯಿಲೆ ವಂಶದಲ್ಲಿ ಹರಿದುಬರುವಂಥದ್ದು. ಒಂದು ಜೀನ್ ಅಲ್ಲ, ಹಲವು ಸೇರಿ ಆಗುವಂಥದ್ದು. ಆದ್ದರಿಂದ ನೋಡಲು ಚೆನ್ನಾಗಿರುವ ತಂದೆತಾಯಿಗೂ ಇಂಥ ಮರಿ ಹುಟ್ಟಬಹುದು. ಕಾಯಿಲೆ ಪತ್ತೆಯಾದ ನಾಯಿಯಿಂದ, ಅದು ಎಷ್ಟೇ ಅಂದವಾಗಿರಲಿ, ಮರಿ ಹಾಕಿಸಬೇಡಿ. ಸಂತಾನಹರಣದ ಸಮಯವನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಗೋಲ್ಡನ್ ರಿಟ್ರೀವರ್‌ಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷ ತುಂಬುವ ಮೊದಲೇ ಬೀಜ ತೆಗೆಸಿದ ಗಂಡುಗಳಲ್ಲಿ ಈ ಕಾಯಿಲೆ ಸುಮಾರು ಎರಡು ಪಟ್ಟು ಕಂಡುಬಂತು. ಇನ್ನು ಹೊಸದಾಗಿ ಮರಿ ಕೊಳ್ಳುವವರು ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಕಾಗದ ನೋಡಿ ಸಮಾಧಾನಪಡಬೇಡಿ, ಅದು ವಂಶಾವಳಿಯ ದಾಖಲೆ ಮಾತ್ರ. ತಂದೆತಾಯಿ ಎರಡರದ್ದೂ ಸೊಂಟದ ಎಕ್ಸ್‌ರೇ ವರದಿ ತೋರಿಸಲು ಕೇಳಿ. ಮಾರುವವರ ಬಳಿ ಅದು ಇಲ್ಲದಿದ್ದರೆ ಬೇರೆ ಕಡೆ ಮರಿ ನೋಡಿ.